ಅಂಗಾಲಿಗೊಂದು ಕನ್ನಡಿ

ಹಾಸನದಿಂದ ಧರ್ಮಸ್ಥಳಕ್ಕೆ ಒಬ್ಬಳೇ ನಡೆದು ಹೋಗುತ್ತೇನೆ ಎಂದು ನಾನು ಮನೆಯಲ್ಲಿ ಹೇಳಿದ್ದು ದಸರೆ ಮುಗಿದ ಮಾರನೆಯ ದಿನ, ಗೊಂಬೆಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಾಗ. ಇವರು ಪತ್ರಿಕೆಯಿಂದ ತಲೆ ಎತ್ತದೆ, "ಬಸ್ಸಿದೆಯಲ್ಲ" ಎಂದರು.

ಅದೂ ನಿಜವೇ. ಬೆಳಗಿನ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿನ ಅನ್ನಛತ್ರದಲ್ಲಿ ಕೂತಿರಬಹುದು. ಆದರೆ ಪ್ರತಿ ವರ್ಷ ಶಿವರಾತ್ರಿಗೆ ಮುಂಚೆ ನಮ್ಮೂರನ್ನು ಹಾದು ಹೋಗುವ ಪಾದಯಾತ್ರಿಗಳನ್ನು ಗೇಟಿನ ಬಳಿ ನಿಂತು ನೋಡಿದವಳು ನಾನು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಸುಮಾರು ನೂರಮೂವತ್ತು ಕಿಲೋಮೀಟರ್. ಅವರಿಗೆ ಮಜ್ಜಿಗೆ ಕೊಟ್ಟು ಕೊಟ್ಟು, ಒಂದು ವರ್ಷ ಲೋಟದ ಆಚೆ ಬದಿಗೆ ನಾನು ಇರಬೇಕು ಅನ್ನಿಸಿಬಿಟ್ಟಿತು.

ಸುದ್ದಿ ಬೀದಿಯಲ್ಲಿ ಹರಡಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಏನು ಹರಕೆ?" ಮಗನಿಗೆ ಕೆಲಸ ಸಿಗಲಿ ಅಂತಲೋ? ಮಗಳಿಗೆ ಮಗುವಾಗಲಿ ಅಂತಲೋ? ಯಜಮಾನರ ಬಿ.ಪಿ. ಇಳಿಯಲಿ ಅಂತಲೋ? ಹೌದು ಎಂದಿದ್ದರೆ ಸಾಕಿತ್ತು, ಎದುರು ಮನೆಯ ಅಜ್ಜಿಯೇ ಆರತಿ ಎತ್ತಿ ಕಳಿಸುತ್ತಿದ್ದರು. "ಹರಕೆ ಏನೂ ಇಲ್ಲ ಅಜ್ಜಿ, ನಡೀಬೇಕು ಅನ್ನಿಸ್ತು" ಎಂದೆ. ಅಜ್ಜಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಮನೇಲಿ ಏನಾದ್ರೂ ಜಗಳ ಆಯ್ತೇನಮ್ಮಾ?" ಎಂದು ಮೆಲ್ಲಗೆ ಕೇಳಿದರು.

ಅಜ್ಜಿಗೆ ಹೇಳದ ವಿಷಯವೊಂದಿತ್ತು. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ನಾಲ್ಕು ವರ್ಷ. ಅಮ್ಮನಿಗೂ ಇತ್ತು. ಒಮ್ಮೆ ಅವಳ ಎಡಗಾಲಿನ ಹೆಬ್ಬೆರಳಿಗೆ ಪಿನ್ನು ಚುಚ್ಚಿಕೊಂಡಿತು. ಅವಳಿಗೆ ಗೊತ್ತೇ ಆಗಲಿಲ್ಲ. ಎರಡು ದಿನ ಹಾಗೆಯೇ ಓಡಾಡಿದಳು, ದೋಸೆ ಹುಯ್ದಳು, ತುಳಸಿಗೆ ನೀರೆರೆದಳು. ಮೂರನೆಯ ದಿನ ನೆಲ ಒರೆಸುವಾಗ ರಕ್ತದ ಗುರುತು ಕಂಡು, "ಯಾರ ಕಾಲಿಗೆ ಏನಾಯ್ತ್ರೇ?" ಎಂದು ಗಾಬರಿಯಿಂದ ನಮ್ಮೆಲ್ಲರ ಕಾಲನ್ನೂ ಎತ್ತಿಸಿ ನೋಡಿದಳು. ಕೊನೆಗೆ ನೋಡಿಕೊಂಡಿದ್ದು ತನ್ನದನ್ನು. ಆ ಬೆರಳು ಉಳಿಯಲಿಲ್ಲ. ಆಮೇಲೆ ಅಮ್ಮ ಬೀದಿಯ ತಿರುವು ದಾಟಿ ನಡೆದದ್ದನ್ನು ನಾನು ಕಾಣೆ.

ಹಾಗಾಗಿ ನನ್ನ ತಯಾರಿ ಶುರುವಾದದ್ದು ಅಂಗಡಿಯಲ್ಲಲ್ಲ, ಡಾಕ್ಟರ ಹತ್ತಿರ. ಅವರು ಕಣ್ಣು ಮುಚ್ಚಿಸಿ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತುತ್ತಾ, "ತಗುಲಿದಾಗ ಹೂಂ ಅನ್ನಿ" ಎಂದರು. ಪರೀಕ್ಷೆಗೆ ಕೂತ ಹುಡುಗಿಯಂತೆ ಉಸಿರು ಬಿಗಿಹಿಡಿದು ಹೂಂ, ಹೂಂ ಎನ್ನುತ್ತಾ ಹೋದೆ. ಮುಗಿದ ಮೇಲೆ ಅವರು, "ಒಂದು ಕಡೆ ನೀವು ಹೂಂ ಅನ್ನಲಿಲ್ಲ" ಎಂದರು. ಎಡಗಾಲು, ಹೆಬ್ಬೆರಳಿನ ಕೆಳಗೆ.

ನಾನು ಸುಮ್ಮನೆ ಕೂತೆ. ಡಾಕ್ಟರು, "ಹೋಗಬೇಡಿ ಅಂತ ಹೇಳ್ತಿಲ್ಲ. ಆದರೆ ಆ ಜಾಗ ನೋವಾಯ್ತು ಅಂತ ನಿಮಗೆ ಹೇಳೋದಿಲ್ಲ. ನೀವೇ ನೋಡ್ಕೋಬೇಕು" ಎಂದರು. ಬರಿಗಾಲು ಕೂಡದು. ಗಂಟೆ ಒಂದೂವರೆಗೊಮ್ಮೆ ಕೂತು, ಶೂ ಬಿಚ್ಚಿ, ಕಾಲು ನೋಡಬೇಕು. ಎಲ್ಲಾದರೂ ಕೆಂಪಗಾಗಿದ್ದರೆ, ಗುಳ್ಳೆ ಎದ್ದಿದ್ದರೆ ನಡಿಗೆ ಅಲ್ಲಿಗೆ ನಿಲ್ಲಬೇಕು.

ಒಬ್ಬಳೇ ಯಾಕೆ ಎನ್ನುವುದಕ್ಕೂ ಇದೇ ಉತ್ತರ. ಗುಂಪಿನವರು ದಿನಕ್ಕೆ ನಲವತ್ತು ಕಿಲೋಮೀಟರ್ ನಡೆಯುತ್ತಾರೆ. ನನ್ನ ಕಾಲು ನೋಡಲು ಅವರು ನಿಲ್ಲಲಾರರು, ಅವರನ್ನು ನಿಲ್ಲಿಸಲು ನನಗೆ ಸಂಕೋಚ. ಸಂಕೋಚಪಟ್ಟೇ ಅಲ್ಲವೇ ನಾವು ಅರ್ಧ ಕಾಯಿಲೆ ತಂದುಕೊಳ್ಳುವುದು! ಆದ್ದರಿಂದ ದಿನಕ್ಕೆ ಇಪ್ಪತ್ತೇ ಕಿಲೋಮೀಟರ್, ಒಟ್ಟು ಏಳು ದಿನ. ಶಿವರಾತ್ರಿಯ ವಾರವಾದ್ದರಿಂದ ದಾರಿಯುದ್ದಕ್ಕೂ ಜನ ಇರುತ್ತಾರೆ. ರಾತ್ರಿ ತಂಗುವ ಕಡೆಗೆಲ್ಲ ಮೊದಲೇ ಫೋನು ಮಾಡಿ ಹೇಳಿಟ್ಟೆ. ಸಂಜೆ ಆರಕ್ಕೆ ಮಗಳಿಗೆ ಫೋನು ಮಾಡದಿದ್ದರೆ ಅವಳು ಇವರನ್ನು ಎಬ್ಬಿಸಿ ಕಳಿಸುತ್ತಾಳಂತೆ.

ಶೂ ಕೊಂಡದ್ದು ಸಂಜೆಯ ಹೊತ್ತು. ದಿನವಿಡೀ ಓಡಾಡಿದ ಪಾದ ಸಂಜೆಗೆ ಊದಿರುತ್ತದೆ, ಅಳತೆ ಆಗಲೇ ಸರಿ ಸಿಗುವುದು. ಮುಂದೆ ಹೆಬ್ಬೆರಳಿನಗಲ ಜಾಗ ಬಿಟ್ಟು ಕೊಂಡೆ, ಯಾಕೆಂದರೆ ಘಾಟಿ ಇಳಿಯುವಾಗ ಪಾದವೆಲ್ಲ ಮುಂದಕ್ಕೆ ಜಾರಿ ಬೆರಳು ಜಜ್ಜಿಕೊಳ್ಳುತ್ತದೆ. ಉಗುರನ್ನು ನೇರವಾಗಿ ಕತ್ತರಿಸುವುದನ್ನು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತೆ.

ಬೆನ್ನಿನ ಚೀಲ ನಮ್ಮ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದೆನ್ನುತ್ತಾರೆ. ನನ್ನದು ಅರವತ್ತು ಕೆ.ಜಿ., ಚೀಲಕ್ಕೆ ಆರು. ಅಭ್ಯಾಸಕ್ಕೆಂದು ಅಕ್ಕಿಯನ್ನೇ ಕೆ.ಜಿ. ಲೆಕ್ಕದಲ್ಲಿ ತುಂಬಿಕೊಂಡು, ವಾರಕ್ಕೊಂದು ಕೆ.ಜಿ. ಏರಿಸುತ್ತಾ ಹೋದೆ. ಮೊದಲ ವಾರ ಎರಡು ಕಿಲೋಮೀಟರಿಗೇ ಏದುಸಿರು. ಸಂಕ್ರಾಂತಿಯ ಹೊತ್ತಿಗೆ ಭಾನುವಾರಗಳಂದು ಹದಿನೆಂಟು ನಡೆಯುತ್ತಿದ್ದೆ. ಸೀಗೆಗುಡ್ಡ ಹತ್ತಿ ಇಳಿದ ಅಕ್ಕಿಯಲ್ಲೇ ರಾತ್ರಿ ಅನ್ನ ಮಾಡಿದರೆ ಇವರು, "ಇವತ್ತು ಅನ್ನಕ್ಕೂ ಸುಸ್ತಾದ ಹಾಗಿದೆ" ಎಂದು ನಗುತ್ತಿದ್ದರು. ನಗುತ್ತಲೇ ಸಾರು ಮಾಡುವುದನ್ನೂ ಕಲಿತರು. ಉಪ್ಪು ಇನ್ನೂ ಕೈಗೆ ಬಂದಿಲ್ಲ.

ಮಾತ್ರೆಯ ವಿಷಯ ಬೇರೆ. ನಾನು ನುಂಗುವ ಎರಡರಲ್ಲಿ ಒಂದು, ಜಾಸ್ತಿ ನಡೆದ ದಿನ ಸಕ್ಕರೆಯನ್ನು ಅತಿಯಾಗಿ ಇಳಿಸಿಬಿಡಬಹುದು. ಡಾಕ್ಟರು ಆ ದಿನಗಳಿಗೆ ಅದರ ಪ್ರಮಾಣ ತಗ್ಗಿಸಿದರು. ಕೈ ನಡುಗಿ ಬೆವರಿ ಕಣ್ಣು ಮಂಜಾದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಬೇಕು, ಕಾಲು ಗಂಟೆ ಬಿಟ್ಟು ಬೆರಳು ಚುಚ್ಚಿ ಮತ್ತೆ ನೋಡಬೇಕು. ಹೀಗಾಗಿ ಮನೆಯಲ್ಲಿ ಮುಟ್ಟಲೂ ಬಿಡದ ಸಕ್ಕರೆಗೆ ನನ್ನ ಚೀಲದ ಮೇಲಿನ ಜೇಬಿನಲ್ಲೇ ಜಾಗ! ದಾರಿಯಲ್ಲಿ ಭಕ್ತರು ಕರೆದು ಕೊಡುವ ಪಾನಕ, ಪಾಯಸಗಳಿಗೆ ಮಾತ್ರ ಕೈ ಮುಗಿದು ಮಜ್ಜಿಗೆ ಕೇಳಬೇಕು.

ಪಕ್ಕದ ಮನೆಯಾಕೆ ಶೂ ನೋಡಿ, "ಇದನ್ನ ಹಾಕ್ಕೊಂಡು ಹೋದ್ರೆ ಏನು ಪುಣ್ಯ ಬರುತ್ತೆ?" ಎಂದರು. ಬರಿಗಾಲಲ್ಲಿ ಹೋಗುವವರ ಭಕ್ತಿ ದೊಡ್ಡದೇ. ಆದರೆ ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹರಕೆ ಹೊತ್ತವರು ಅರ್ಧ ದಾರಿಯಲ್ಲಿ ಬಸ್ಸು ಹತ್ತುವಂತಿಲ್ಲ, ಹತ್ತಿದರೆ ಮನಸ್ಸು ಕುಟುಕುತ್ತದೆ. ನಾನು ಹತ್ತಬಹುದು. ಬೇಲೂರಿನಲ್ಲೇ ಕಾಲು ಕೆಂಪಗಾದರೆ ಬೇಲೂರಿನಲ್ಲೇ ಹತ್ತಿ ಮನೆಗೆ ಬಂದು, ಗೇಟಿನ ಬಳಿ ಮತ್ತೆ ಮಜ್ಜಿಗೆಯ ಲೋಟ ಹಿಡಿಯಬಹುದು. ಬೀದಿಯವರು ನಕ್ಕಾರು. ಅಮ್ಮ ಮಾತ್ರ ನಗುತ್ತಿರಲಿಲ್ಲ. ನಾಲ್ಕೂವರೆ ತಿಂಗಳ ಅಭ್ಯಾಸದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಗುಡ್ಡ ಹತ್ತುವುದಲ್ಲ, ಈ ವಾಪಸು ಬರುವುದಕ್ಕೆ ಮನಸ್ಸನ್ನು ಒಪ್ಪಿಸಿದ್ದು. ಬಸ್ಸಿನ ದುಡ್ಡನ್ನು ಬೇರೆಯಾಗಿ ಮಡಿಸಿ ಸಕ್ಕರೆಯ ಜೊತೆಗೇ ಇಟ್ಟಿದ್ದೇನೆ.

ನಾಳೆ ಬೆಳಗಿನ ಜಾವ ಐದಕ್ಕೆ ಹೊರಡುವುದು. ಚೀಲ ಬಾಗಿಲ ಬಳಿ ಇದೆ: ಎರಡು ಜೊತೆ ಬಟ್ಟೆ, ನಾಲ್ಕು ಜೊತೆ ಕಾಲುಚೀಲ, ಟಾರ್ಚು, ಮಾತ್ರೆ, ಹತ್ತಿ, ಪಟ್ಟಿ. ಮಗಳು ಬೆನ್ನಿಗೆ ಹೊಳೆಯುವ ಪಟ್ಟಿ ಹೊಲಿದುಕೊಟ್ಟಿದ್ದಾಳೆ. ಎದುರಿನ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ನಡೆಯಬೇಕೆಂದು ಹತ್ತು ಸಲ ಹೇಳಿದ್ದಾಳೆ.

ಕೊನೆಗೆ ಹಾಕಿದ್ದು ಕುಂಕುಮದ ಭರಣಿಯ ಪಕ್ಕದಲ್ಲಿದ್ದ ಕೈಗನ್ನಡಿ. ಬಾಗಿ ನೋಡಿದರೆ ಅಂಗಾಲು ಪೂರ್ತಿ ಕಾಣುವುದಿಲ್ಲ, ಕನ್ನಡಿಯನ್ನು ನೆಲಕ್ಕಿಟ್ಟು ಅದರ ಮೇಲೆ ಪಾದ ಎತ್ತಿ ಹಿಡಿಯಬೇಕು. ಮೊದಲ ಸಲ ಹಾಗೆ ನೋಡಿದಾಗ ಯಾರದೋ ಕಾಲು ಎನ್ನಿಸಿತ್ತು: ಹಿಮ್ಮಡಿಯಲ್ಲಿ ಬಿರುಕು, ಅಡಿಗೆಮನೆಯಲ್ಲಿ ನಿಂತು ನಿಂತು ಗಟ್ಟಿಯಾದ ಚರ್ಮ. ಬೇಲೂರಿನ ದರ್ಪಣ ಸುಂದರಿಯನ್ನು ಎಷ್ಟು ಸಲ ನೋಡಿಲ್ಲ ನಾವು! ಕಲ್ಲಾಗಿ ನಿಂತವಳು ಮುಖವನ್ನೇ ನೋಡಿಕೊಳ್ಳಲಿ, ಅವಳೇನು ನಡೆಯಬೇಕಾಗಿಲ್ಲ. ಎರಡನೆಯ ಸಂಜೆ ನಾನು ಅವಳ ಊರಿನಲ್ಲಿ ಕೂತು ನನ್ನ ಕನ್ನಡಿ ತೆಗೆದು ನೆಲಕ್ಕಿಡುತ್ತೇನೆ.

ಈಗಷ್ಟೇ ಮತ್ತೊಮ್ಮೆ ನೋಡಿಕೊಂಡೆ. ಎಡಗಾಲು, ಹೆಬ್ಬೆರಳಿನ ಕೆಳಗೆ. ಸದ್ಯಕ್ಕೆ ಏನೂ ಇಲ್ಲ.