ಆಗ ಎಲ್ಲಿದ್ದಿರಿ?

ವಾಕ್‌ಸ್ವಾತಂತ್ರ್ಯದ ಕುರಿತ ವಾದಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ: “ಈಗ ಮಾತನಾಡುವ ನೀವು ಆಗ ಎಲ್ಲಿದ್ದಿರಿ?” ನಿಮ್ಮದು ಕಾಳಜಿಯಲ್ಲ, ಕಪಟ ಎಂಬುದೇ ಅದರ ಇಂಗಿತ. ಈ ಪ್ರಶ್ನೆಯಲ್ಲಿ ನ್ಯಾಯವೆಷ್ಟು, ನುಣುಚಿಕೊಳ್ಳುವ ಜಾಣತನವೆಷ್ಟು ಎಂಬುದನ್ನು ಸತ್ಯಾಣುವ್ರತವನ್ನು ಗೌರವಿಸುವವರು ವಿವೇಚಿಸಬೇಕಾಗಿದೆ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಡಾ. ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಅವರು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪುರಸ್ಕೃತರು. ಆದರೂ ಅಕಾಡೆಮಿ ಮೌನ ತಾಳಿತೆಂದು ಪ್ರತಿಭಟಿಸಿ ಮೂವತ್ತಕ್ಕೂ ಹೆಚ್ಚು ಲೇಖಕರು ತಮ್ಮ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಒಡನೆಯೇ ಪ್ರಶ್ನೆ ಎದ್ದಿತು: 1975ರ ತುರ್ತುಪರಿಸ್ಥಿತಿಯಲ್ಲಿ, 1984ರ ಸಿಖ್ಖರ ಕಗ್ಗೊಲೆಯ ಕಾಲದಲ್ಲಿ ಇವರ ಆತ್ಮಸಾಕ್ಷಿ ಎಲ್ಲಿತ್ತು? ಪ್ರಶಸ್ತಿ ಮರಳಿಸಿದವರಲ್ಲಿ ನಯನತಾರಾ ಸಹಗಲ್ ಒಬ್ಬರು. ಅವರಿಗೆ 1986ರಲ್ಲಿ ಪ್ರಶಸ್ತಿ ತಂದ ‘ರಿಚ್ ಲೈಕ್ ಅಸ್’ ಕಾದಂಬರಿಯ ವಸ್ತುವೇ ತುರ್ತುಪರಿಸ್ಥಿತಿಯ ಅನ್ಯಾಯ. ಎಲ್ಲರನ್ನೂ ಒಂದೇ ಆರೋಪದಲ್ಲಿ ಕಟ್ಟಿದವರು ಆ ಪುಸ್ತಕವನ್ನು ತೆರೆದು ನೋಡುವ ಶ್ರಮ ವಹಿಸಲಿಲ್ಲ.

ಹಾಗೆಂದು ಪ್ರಶ್ನೆ ಪೂರ್ತಿ ಹುರುಳಿಲ್ಲದ್ದೂ ಅಲ್ಲ. ರಾಜಧಾನಿಗೆ ಸಮೀಪವಾದುದು, ಹೆಸರುವಾಸಿಯಾದುದು ಪತ್ರಿಕೆಗಳ ಕಣ್ಣಿಗೆ ಮೊದಲು ಬೀಳುತ್ತದೆ. ಸಣ್ಣ ಊರಿನ ವರದಿಗಾರನ ಸಾವು ಒಳಪುಟದ ಮೂಲೆ ಸೇರುತ್ತದೆ. ಇದು ಪಕ್ಷಪಾತವೇ. ಆದರೆ ಇದಕ್ಕೆ ಪರಿಹಾರ ಬಿಟ್ಟುಹೋದವನ ಹೆಸರನ್ನು ಸೇರಿಸುವುದೇ ಹೊರತು ಬರೆದ ಹೆಸರನ್ನು ಅಳಿಸುವುದಲ್ಲ.

ನಲವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಬಾಕಿ ಕೇಳಿದರೆ, “ಅವರನ್ನು ಕೇಳಿದಿರಾ?” ಎಂದು ಇನ್ನೊಬ್ಬರತ್ತ ಬೆರಳು ತೋರುವ ಗಿರಾಕಿಗಳನ್ನು ಬಹಳ ಕಂಡಿದ್ದೇನೆ. ಅವರನ್ನೂ ಕೇಳಬೇಕಾದುದು ಧರ್ಮ. ಆದರೆ ಅದರಿಂದ ಇವರ ಖಾತೆಯ ಬಾಕಿ ಒಂದು ಪೈಸೆಯಷ್ಟೂ ಇಳಿಯುವುದಿಲ್ಲ.

ಇದೇ ತಕ್ಕಡಿಯಲ್ಲಿ ನಮ್ಮ ಸಮಾಜವನ್ನೂ ತೂಗಬೇಕು. 2016ರ ಆಗಸ್ಟ್‌ನಲ್ಲಿ ಮುನಿಶ್ರೀ ತರುಣಸಾಗರರು ಹರಿಯಾಣ ವಿಧಾನಸಭೆಯಲ್ಲಿ ಪ್ರವಚನ ನೀಡಿದಾಗ ಸಂಗೀತ ನಿರ್ದೇಶಕ ವಿಶಾಲ್ ದದ್ಲಾನಿ ಅದನ್ನು ಹಂಗಿಸಿದರು. ಬಳಿಕ ಕ್ಷಮೆ ಕೋರಿದರು. ಆದರೂ ಪೊಲೀಸ್ ಮೊಕದ್ದಮೆ ದಾಖಲಾಯಿತು. 2019ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದುಗೊಳಿಸಿತಾದರೂ 10 ಲಕ್ಷ ರೂಪಾಯಿ ತೆರುವಂತೆ ಅವರಿಗೆ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ನಮಗಾದ ನೋವು ನಿಜವಾದದ್ದು. ಆದರೆ “ಬೇರೆ ಧರ್ಮದ ಗುರುಗಳ ಬಗ್ಗೆ ಹೀಗೆ ಆಡುವ ಧೈರ್ಯ ಇವರಿಗಿದೆಯೇ?” ಎಂದು ನಮ್ಮವರು ಕೇಳಿದುದೂ ಅದೇ ಹಳೆಯ ಪ್ರಶ್ನೆಯೇ. ದಿಗಂಬರತ್ವವು ಅಪರಿಗ್ರಹದ ಪರಾಕಾಷ್ಠೆ ಎಂದು ತಿಳಿಯಹೇಳುವುದಕ್ಕೆ ಟೀಕಾಕಾರನ ಮನಸ್ಸನ್ನು ಶೋಧಿಸಬೇಕಾಗಿಲ್ಲ.

ಇಲ್ಲದ ದೋಷವನ್ನು ಹೊರಿಸುವ ಮಾತಿಗೆ ನಮ್ಮ ಶಾಸ್ತ್ರಗಳಲ್ಲಿ ಅಭ್ಯಾಖ್ಯಾನವೆಂದು ಹೆಸರು. ಪರರ ಮನಸ್ಸನ್ನು ನೇರವಾಗಿ ಅರಿಯುವುದು ಮನಃಪರ್ಯಯಜ್ಞಾನ. ಅದು ಸಂಯಮಿಗಳಾದ ಮುನಿಗಳಿಗೆ ಮಾತ್ರ ಸಾಧ್ಯ, ಗೃಹಸ್ಥರಿಗಲ್ಲ. ಆದುದರಿಂದ ಖಂಡನಾ ನಿರ್ಣಯವನ್ನು ಬರೆಯಲು ಕುಳಿತ ಬಸದಿಯ ಟ್ರಸ್ಟಿಗಳು ಆಡಿದ ಮಾತಿಗೆ ಉತ್ತರ ಬರೆಯಲಿ. ಆಡಿದವನ ಅಂತರಂಗದ ಕುರಿತು ಒಂದು ವಾಕ್ಯವನ್ನೂ ಸೇರಿಸದಿರಲಿ. ಅನ್ಯರ ಬಾಯಿ ಕಟ್ಟಿದ ದಿನವೂ ಅದೇ ಲೇಖನಿಯನ್ನು ಕೈಗೆತ್ತಿಕೊಳ್ಳಲಿ.