ಡಬ್ಬಿ ಹಾಲಿನ ಅರಮನೆ

ಗೊರಗುಂಟೆಪಾಳ್ಯದ ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಅಮೂಲ್ ಡಬ್ಬಿ ಇದೆ. ಅಮ್ಮ ಅದರಲ್ಲಿ ಮೆಂತ್ಯ ಇಡುತ್ತಿದ್ದಳು. ನಾನು ಹುಟ್ಟಿದ ಹದಿನೈದನೆಯ ದಿನ ಜ್ವರ ಬಂದು ಅವಳ ಎದೆಹಾಲು ಬತ್ತಿತಂತೆ. ಅಪ್ಪ ಯಶವಂತಪುರದಿಂದ ಡಬ್ಬಿ ತಂದರು. "ಎರಡೆರಡು ಎಮ್ಮೆ ಕಟ್ಟಿರೋ ಮನೇಲಿ ಮಗೂಗೆ ಡಬ್ಬಿ ಹಾಲು!" ಎಂದು ಅಜ್ಜಿ ಬಂದವರೆದುರೆಲ್ಲ ಆಡಿಕೊಂಡರು. ಆ ಮಾತು ಅಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನನಗೆ ನೆಗಡಿಯಾದರೂ ತನ್ನದೇ ತಪ್ಪೆಂಬಂತೆ ಮುಖ ಮಾಡುತ್ತಿದ್ದಳು.

ಆ ಹಾಲಿನ ಪುಡಿಗೂ ಒಂದು ಅರಮನೆಗೂ ನಂಟಿದೆ ಎಂದು ನನಗೆ ತಿಳಿದದ್ದು ಶಾಲೆಯ ಮಕ್ಕಳೊಡನೆ ಮೈಸೂರಿಗೆ ಹೋದಾಗ. ಚೆಲುವಾಂಬ ಎಂದರೆ ಮೈಸೂರಿನವರಿಗೆ ಹೆರಿಗೆ ಆಸ್ಪತ್ರೆಯೇ ಮೊದಲು ನೆನಪಾಗುತ್ತದೆ. ನಾನು ಹೇಳುತ್ತಿರುವುದು ಚೆಲುವಾಂಬ ಮ್ಯಾನ್ಷನ್ನಿನ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ಮೂವರು ಸೋದರಿಯರಿಗೂ ಒಂದೊಂದು ಅರಮನೆ ಎದ್ದಿತು. ಹಿರಿಯರಾದ ಜಯಲಕ್ಷ್ಮಮ್ಮಣ್ಣಿಯವರ ಜಯಲಕ್ಷ್ಮೀವಿಲಾಸ 1959ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ವಿಶ್ವವಿದ್ಯಾನಿಲಯದ ಪಾಲಾಯಿತು. ಕಾರಂಜಿ ಮ್ಯಾನ್ಷನ್ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಚೆಲುವಾಜಮ್ಮಣ್ಣಿಯವರ ಈ ಮನೆಯಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರ ಸರ್ಕಾರದ ಆಹಾರ ಸಂಶೋಧನಾಲಯ, ಸಿ.ಎಫ್.ಟಿ.ಆರ್.ಐ., ಶುರುವಾಯಿತು.

ಹೊರಗೆ ಯುರೋಪಿನ ಮಾದರಿಯ ಸಾಲುಗಂಬಗಳು, ಒಳಗೆ ಕಚೇರಿಯ ಕಡತಗಳು. "ಮಿಸ್, ರಾಜಕುಮಾರಿ ಮಲಗ್ತಿದ್ದ ಕೋಣೆ ಯಾವ್ದು?" ಎಂದು ಹುಡುಗಿಯೊಬ್ಬಳು ಕೇಳಿದಳು. ಈ ಮಕ್ಕಳಲ್ಲಿ ಎಷ್ಟೋ ಜನರ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಮಲಗಲಿಕ್ಕೇ ಒಂದು ಕೋಣೆ ಅನ್ನುವುದೇ ಅವರಿಗೆ ಸೋಜಿಗ.

ನನ್ನ ಕಿವಿ ನಿಮಿರಿದ್ದು ಹಾಲಿನ ಸಂಗತಿ ಬಂದಾಗ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೂಸುಗಳ ಹಾಲಿನ ಪುಡಿ ಹೊರದೇಶದಿಂದ ಬರಬೇಕಿತ್ತು. ನಮ್ಮಲ್ಲಿ ಎಮ್ಮೆ ಹಾಲಿಗೆ ಕೊರತೆಯಿಲ್ಲ, ಆದರೆ ಅದರಲ್ಲಿ ಜಿಡ್ಡು ಹೆಚ್ಚು. ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ, ಸುಲಭವಾಗಿ ಅರಗುವುದಿಲ್ಲ. 1950ರ ದಶಕದಲ್ಲಿ ಇಲ್ಲಿನ ವಿಜ್ಞಾನಿಗಳು ಎಮ್ಮೆ ಹಾಲಿನ ಜಿಡ್ಡು ತಗ್ಗಿಸಿ, ಅರಗುವಂತೆ ಹದಮಾಡಿ, ವಿಟಮಿನ್ ಸೇರಿಸಿ ಪುಡಿ ಮಾಡುವ ವಿಧಾನ ಕಂಡುಕೊಂಡರು. ಗುಜರಾತಿನ ಆನಂದ್‌ನಲ್ಲಿ ಅದು ಅಮೂಲ್ ಡಬ್ಬಿ ಸೇರಿತು.

ತಾಯಿಯ ಹಾಲಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾನೂನು ತಡೆದದ್ದೂ ಸರಿಯೇ. ಆದರೆ ಹಾಲು ಬತ್ತಿದ ತಾಯಿಯನ್ನು ಆಡಿಕೊಳ್ಳುವ ಬಾಯಿಗೆ ಯಾವ ಕಾನೂನೂ ಬೀಗ ಹಾಕಿಲ್ಲ.

ಊರಿಗೆ ಬಂದವಳೇ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅರಮನೆಯ ಸುದ್ದಿ ಅವಳಿಗೆ ಬೇಕಿರಲಿಲ್ಲ. ಎಮ್ಮೆ ಹಾಲಿನ ಮಾತನ್ನು ಮಾತ್ರ ಎರಡು ಸಲ ಹೇಳಿಸಿಕೊಂಡಳು.

"ಹಂಗಾದ್ರೆ ಆ ಎಮ್ಮೆ ಹಾಲು ಹಂಗೇ ಕುಡಿಸ್ದೆ ಇದ್ದಿದ್ದೇ ಒಳ್ಳೇದಾಯ್ತು ಅನ್ನು."

"ಹೂಂ ಕಣಮ್ಮ."

"ನಿಮ್ಮಜ್ಜಿ ಇರಬೇಕಿತ್ತು" ಎಂದು ಮತ್ತೆ ಮೊರ ಹತ್ತಿರಕ್ಕೆ ಎಳೆದುಕೊಂಡಳು.