ಕಲಿಸಿ ಮರೆಸಿದ ಪದ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಹಳೇಬೀಡಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಇಂಗ್ಲಿಷ್ ಶಿಕ್ಷಕರು ರಜೆಯ ಮೇಲಿದ್ದುದರಿಂದ ಎಂಟನೇ ತರಗತಿಯ ಇಂಗ್ಲಿಷ್ ಪೀರಿಯಡ್ಡುಗಳೂ ನನ್ನ ಪಾಲಿಗೆ ಬಂದವು. ಬಿ.ಎಸ್ಸಿ. ಮುಗಿಸಿದವಳಿಗೆ ಎಂಟನೇ ತರಗತಿಯ ಇಂಗ್ಲಿಷ್ ಯಾವ ಲೆಕ್ಕ ಎಂದುಕೊಂಡು ಒಪ್ಪಿದೆ.

ಮಕ್ಕಳ ನೋಟ್‌ಬುಕ್ಕುಗಳಲ್ಲಿ ಹೋಲುವ ಪದಗಳು ಅದಲುಬದಲಾಗಿದ್ದೇ ಹೆಚ್ಚು. ಒಂದು ಚಾರ್ಟ್ ಬರೆದೆ: ಬಾರೋ–ಲೆಂಡ್, ಸೇ–ಟೆಲ್, ಬ್ರಿಂಗ್–ಟೇಕ್, ಸ್ಕಲ್ಪ್ಟರ್–ಸ್ಕಲ್ಪ್ಚರ್, ಹೀಗೆ ಎಂಟು ಜೋಡಿ. ಎಡಕ್ಕೆ ಕೆಂಪು, ಬಲಕ್ಕೆ ನೀಲಿ, ನಡುವೆ ಬಾಣ. ‘ಬಾರೋ’ ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ‘ಎಲ್ಲಿಗೆ ಮಿಸ್?’ ಎಂದ, ತರಗತಿಯೆಲ್ಲ ನಕ್ಕಿತು. ಪಾಠ ಗೆದ್ದಿತು ಎಂದೇ ಭಾವಿಸಿದೆ. ವೀಕ್ಷಣಾ ಪುಸ್ತಕದಲ್ಲೂ ‘ಬೋಧನೋಪಕರಣದ ಬಳಕೆ ಉತ್ತಮ’ ಎಂಬ ಷರಾ ಬಿತ್ತು.

ಪಾಠಕ್ಕೆ ಮೊದಲು ಬಿಟ್ಟ ಸ್ಥಳ ತುಂಬುವ ಹತ್ತು ವಾಕ್ಯಗಳನ್ನು ಕೊಟ್ಟಿದ್ದೆ. ಅವನ್ನೇ ಮರುದಿನ ಮತ್ತೆ ಕೊಟ್ಟೆ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಮೊದಲು ಸರಿ ಬರೆದಿದ್ದ ಕೆಲವರು ಈಗ ತಪ್ಪು ಬರೆದಿದ್ದರು. ಅವರಲ್ಲಿ ಕಿಟಕಿಯ ಪಕ್ಕ ಕೂರುವ ಹುಡುಗಿಯೂ ಒಬ್ಬಳು. ಅವಳ ತಾಯಿ ದೇವಸ್ಥಾನದ ಎದುರು ಎಳನೀರು ಮಾರುತ್ತಾರೆ. ದಿನಾ ಬೆಳಿಗ್ಗೆ ‘ಮಿಸ್, ಮೇ ಐ ಬಾರೋ ಯುವರ್ ಪೆನ್’ ಎನ್ನುತ್ತಿದ್ದಳು. ಯಾರೂ ಕೇಳದೆ ತಾನಾಗಿ ಅವಳು ಆಡುತ್ತಿದ್ದ ಇಂಗ್ಲಿಷ್ ವಾಕ್ಯ ಅದೊಂದೇ. ಪಾಠದ ನಂತರ ಒಂದು ದಿನ ‘ಮೇ ಐ...’ ಎಂದು ನಿಂತು, ‘ಪೆನ್ನು ಕೊಡ್ತೀರಾ ಮಿಸ್’ ಎಂದಳು. ಯಾಕಮ್ಮ ಎಂದು ಕೇಳಿದೆ. ‘ಮೊದ್ಲು ಒಂದೇ ಇತ್ತು ಮಿಸ್. ಈಗ ಎರಡೈತೆ. ಯಾವ್ದು ಅಂತ ಗೊತ್ತಾಗಲ್ಲ.’

ಆ ರಾತ್ರಿ ನನಗೆ ನನ್ನದೇ ಹತ್ತನೇ ತರಗತಿ ನೆನಪಾಯಿತು. ನಿಮ್ನ ಮಸೂರ, ಪೀನ ಮಸೂರ. ಒಂದೇ ದಿನ, ಒಂದೇ ಹಲಗೆಯ ಮೇಲೆ ಎರಡನ್ನೂ ಕಲಿತೆ. ಒಂದು ನಡುವೆ ತೆಳು, ಇನ್ನೊಂದು ನಡುವೆ ದಪ್ಪ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಯಾವುದಕ್ಕೆ ಯಾವ ಹೆಸರು ಎಂಬಲ್ಲಿ ಡಿಗ್ರಿಯವರೆಗೂ ತಡವರಿಸಿದ್ದೇನೆ. ಈ ಮಕ್ಕಳದೂ ಅದೇ ಕಥೆ. ಕೊಟ್ಟವರು ಯಾರು, ತಗೊಂಡವರು ಯಾರು ಎಂದು ಎಳನೀರು ಮಾರುವವರ ಮಗಳಿಗೆ ನಾನು ಹೇಳಿಕೊಡಬೇಕೇ? ಕನ್ನಡದಲ್ಲಿ ಸಾಲ ಕೊಟ್ಟರೂ ಸಾಲ, ತಗೊಂಡರೂ ಸಾಲ. ದಿಕ್ಕು ಹೇಳುವುದು ಕೊಡು, ತಗೋ ಎಂಬ ಕ್ರಿಯಾಪದ. ಇಂಗ್ಲಿಷಿನಲ್ಲಿ ಆ ದಿಕ್ಕು ಪದದೊಳಗೇ ಅಡಗಿದೆ. ನನ್ನ ಚಾರ್ಟು ಅವರಿಗೆ ಗೊತ್ತಿದ್ದ ವ್ಯತ್ಯಾಸವನ್ನು ಮತ್ತೆ ವಿವರಿಸಿ, ಗೊತ್ತಿಲ್ಲದ ಎರಡು ಹೆಸರುಗಳನ್ನು ಒಂದಕ್ಕೊಂದು ಅಂಟಿಸಿತ್ತು.

ಚಾರ್ಟನ್ನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಮುಖ್ಯ ಶಿಕ್ಷಕರ ಅನುಮತಿ ಪಡೆದು ಮಕ್ಕಳನ್ನು ಹೊಯ್ಸಳೇಶ್ವರ ದೇವಾಲಯಕ್ಕೆ ಕರೆದುಕೊಂಡು ಹೋದೆ. 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಆರಂಭವಾದ ಗುಡಿ ಅದು. ಅಂದು ಒಂದೇ ಪದ: ಸ್ಕಲ್ಪ್ಚರ್. ಹೊರಗೋಡೆಯ ಕೆಳಸಾಲಿನ ಆನೆಗಳಿಂದ ಹಿಡಿದು ಮೇಲಿನ ದೊಡ್ಡ ವಿಗ್ರಹಗಳವರೆಗೆ ಬೆರಳು ತೋರಿಸಿದ್ದೆಲ್ಲ ಅದೇ. ಸ್ಕಲ್ಪ್ಟರ್ ಎಂಬ ಸೊಲ್ಲೇ ಎತ್ತಲಿಲ್ಲ.

ಎರಡು ವಾರ ಬಿಟ್ಟು ಬೇಲೂರಿನ ಮದನಿಕೆಯರ ಕಥೆ ಹೇಳಿದೆ. ಅವುಗಳಲ್ಲಿ ಕೆಲವನ್ನು ಕೆತ್ತಿದವರು ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ. ಹೆಸರುಗಳನ್ನು ಕಲ್ಲಿನಲ್ಲೇ ಬಿಟ್ಟು ಹೋಗಿದ್ದಾರೆ. ಆಗ ಸ್ಕಲ್ಪ್ಟರ್ ಎಂದೆ. ಶಿಲ್ಪ, ಶಿಲ್ಪಿ ಎಂಬಲ್ಲಿಯೂ ವ್ಯತ್ಯಾಸ ಒಂದು ಗುಡಿಸಿನದು, ನಾವು ಯಾರೂ ತಪ್ಪುವುದಿಲ್ಲವಲ್ಲ ಎಂದು ನಾನು ಹೇಳುವ ಮೊದಲೇ ಆ ಹಿಂದಿನ ಬೆಂಚಿನವನು, ‘ಸ್ಕಲ್ಪ್ಟರ್ ಇಲ್ಲ, ಸ್ಕಲ್ಪ್ಚರ್ ಐತೆ ಮಿಸ್’ ಎಂದ.

ಆದರೆ ಮೊದಲೇ ಕಲಸಿಹೋದದ್ದು ಬೇಗ ತಿಳಿಯಾಗಲಿಲ್ಲ. ಲೆಂಡ್ ಪದವನ್ನು ತರಗತಿಯಲ್ಲಿ ಪೂರ್ತಿ ನಿಲ್ಲಿಸಿದೆ. ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಪೆನ್ನು, ಸ್ಕೇಲು, ರಬ್ಬರು ಇಟ್ಟೆ. ಬೇಕಾದವರು ಬಾರೋ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ಬಹಳ ದಿನ ಅವಳು ಡಬ್ಬಿಯ ಹತ್ತಿರ ಬರಲೇ ಇಲ್ಲ. ಪಕ್ಕದವಳ ಪೆನ್ನಿನಲ್ಲಿ ಬರೆದಳು.

ಅಭ್ಯಾಸ ಬೋಧನೆಯ ಕೊನೆಯ ದಿನ ನೀಲಿ ಪೆನ್ನೊಂದನ್ನು ಹಿಡಿದು ನನ್ನ ಮೇಜಿಗೆ ಬಂದಳು. ‘ಅವತ್ತು ಬಾರೋ ಮಾಡಿದ್ದು ಮಿಸ್, ವಾಪಸ್ ತಗೊಳ್ಳಿ.’ ಪೆನ್ನು ಇಟ್ಟುಕೋ ಎಂದೆ. ಲೆಂಡ್ ಕಲಿಸಲು ನನಗೆ ದಿನಗಳು ಉಳಿದಿರಲಿಲ್ಲ. ರಜೆಯಿಂದ ಬಂದ ಇಂಗ್ಲಿಷ್ ಶಿಕ್ಷಕರಿಗೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಸ್ಸು ಹತ್ತಿದೆ.